ಮರಣದಂಡನೆಯೂ ನ್ಯಾಯದ ಪ್ರಮಾದವೂ

 

ಉತ್ಸವದ ದಿನ ನೇಣಿನ ಮಾತೆತ್ತುವುದು ಕೆಲವರಿಗೆ ಅಶುಭವೆಂದು ತೋರಬಹುದು. ಆದರೆ ಪಂಚನಾಮೆಗೆ ರುಜು ಹಾಕತಕ್ಕವರೂ ಕಟಕಟೆಯಲ್ಲಿ ನಿಂತು ಸಾಕ್ಷಿ ನುಡಿಯತಕ್ಕವರೂ ತಮ್ಮಂತಹ ಗ್ರಾಮಸ್ಥರೇ ಆಗಿರುವುದರಿಂದ, ಈ ವಿಷಯವನ್ನು ತಮ್ಮ ಮುಂದಿಡುವುದೇ ಉಚಿತವೆಂದು ಭಾವಿಸಿದ್ದೇನೆ.

ಕೊಡಗಿನ ಕುಶಾಲನಗರದ ಕಡೆಯ ಒಬ್ಬ ಬಡವನ ಹೆಂಡತಿ ೨೦೨೦ರಲ್ಲಿ ಕಾಣೆಯಾದಳು. ಹುಡುಕಿಕೊಡಿರೆಂದು ಪೋಲೀಸರಲ್ಲಿ ಮೊರೆಯಿಟ್ಟವನು ಗಂಡನೇ. ಕೆಲಕಾಲದ ಮೇಲೆ ಬೆಟ್ಟದಪುರದ ಸರಹದ್ದಿನಲ್ಲಿ ಒಂದು ಅಸ್ಥಿಪಂಜರ ದೊರೆಯಿತು. ಅದು ಆಕೆಯದೇ ಎಂದಾಯಿತು. ಕೊಂದವನು ಗಂಡನೇ ಎಂದಾಯಿತು. ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ದೋಷಾರೋಪಣ ಪತ್ರವೂ ಸಿದ್ಧವಾಯಿತು. ಆ ಎಲುಬುಗಳು ಆಕೆಯವಲ್ಲವೆಂದು ಪರೀಕ್ಷೆ ತಿಳಿಸಿತು. ಆದರೂ ಮೊಕದ್ದಮೆ ನಿಲ್ಲಲಿಲ್ಲ. ೨೦೨೫ರ ಏಪ್ರಿಲ್ ತಿಂಗಳಲ್ಲಿ ಆಕೆ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತಳಾಗಿ ಕಣ್ಣಿಗೆ ಬಿದ್ದಳು! ಮೈಸೂರಿನ ಸೆಷನ್ಸ್ ನ್ಯಾಯಾಲಯವು ಅದೇ ತಿಂಗಳಲ್ಲಿ ಗಂಡನನ್ನು ನಿರ್ದೋಷಿಯೆಂದು ಬಿಟ್ಟಿತು. ಅಷ್ಟರಲ್ಲಿ ಅವನು ವರ್ಷಕ್ಕೂ ಮಿಕ್ಕು ಸೆರೆಯಲ್ಲಿದ್ದವನು.

ಅವನಿಗೆ ಶಿಕ್ಷೆಯಾಗಿರಲಿಲ್ಲವೆಂಬುದು ನಿಜ. ಆದರೆ ಹೊರಿಸಿದ್ದುದು ಕೊಲೆಯ ಆಪಾದನೆ. ಕೊಲೆಗೆ ನಮ್ಮ ಕಾನೂನಿನಲ್ಲಿ ಜೀವಾವಧಿಯೂ ಉಂಟು, ಮರಣವೂ ಉಂಟು. ಸತ್ತವಳೆಂದು ಬರೆಯಲ್ಪಟ್ಟವಳು ತಿರುಗಿ ಬರುವುದು ಎಷ್ಟು ಮೊಕದ್ದಮೆಗಳಲ್ಲಿ ನಡೆದೀತು?

ಕೆಳಗಿನ ನ್ಯಾಯಾಲಯ ವಿಧಿಸಿದ ಮರಣದಂಡನೆಯನ್ನು ಉಚ್ಚ ನ್ಯಾಯಾಲಯ ಸ್ಥಿರಪಡಿಸದೆ ಜಾರಿಗೆ ತರುವಂತಿಲ್ಲ. ಅತ್ಯಂತ ವಿರಳವಾದ ಪ್ರಸಂಗದಲ್ಲಿ ಮಾತ್ರ ಅದನ್ನು ವಿಧಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೧೯೮೦ರಲ್ಲಿಯೇ ತೀರ್ಮಾನಿಸಿದೆ. ಇಷ್ಟು ಬೇಲಿಗಳಿರುವಾಗ ಭಯವೇಕೆಂದು ಕೇಳುವ ವಕೀಲ ಮಿತ್ರರಿದ್ದಾರೆ. ಅವರು ಮಹಾರಾಷ್ಟ್ರದ ಒಂದು ಮೊಕದ್ದಮೆಯನ್ನು ಅವಲೋಕಿಸಬೇಕು. ೨೦೦೩ರ ಘೋರ ಕೃತ್ಯವೊಂದಕ್ಕಾಗಿ ಅಲೆಮಾರಿ ಜನಾಂಗದ ಆರು ಮಂದಿ ಹಿಡಿಯಲ್ಪಟ್ಟರು. ಉಚ್ಚ ನ್ಯಾಯಾಲಯವು ಮೂವರ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿದರೆ, ಸರ್ವೋಚ್ಚ ನ್ಯಾಯಾಲಯವು ೨೦೦೯ರಲ್ಲಿ ಆರು ಮಂದಿಗೂ ನೇಣೆಂದಿತು. ಅವರಲ್ಲಿ ಒಬ್ಬನು ಕೃತ್ಯದ ಕಾಲಕ್ಕೆ ಅಪ್ರಾಪ್ತವಯಸ್ಕನೆಂಬುದು ಆಮೇಲೆ ಹೊರಬಿದ್ದಿತು. ಕಣ್ಣಾರೆ ಕಂಡ ಸಾಕ್ಷಿಯು ಪೋಲೀಸರ ಭಾವಚಿತ್ರಗಳಲ್ಲಿ ಮೊದಲು ಗುರುತಿಸಿದ್ದುದು ಬೇರೆಯೇ ನಾಲ್ವರನ್ನು; ಆ ನಾಲ್ವರ ವಿಷಯದಲ್ಲಿ ತನಿಖೆಯೇ ನಡೆದಿರಲಿಲ್ಲ.

ಅಲೆಮಾರಿಗಳೆಂದರೆ ಸಂಶಯಪಡುವ ಅಭ್ಯಾಸ ನಮಗೆ ಹೊಸದಲ್ಲ. ಕುಲಕುಲವನ್ನೇ ಅಪರಾಧಿಯೆಂದು ಪಟ್ಟಿಮಾಡಿದ ೧೮೭೧ರ ಕಾನೂನು ೧೯೫೨ರಲ್ಲಿ ರದ್ದಾಯಿತು. ನಮ್ಮೂರಿನಲ್ಲಿ ಕಳವಾದ ಮರುದಿನ ಜನ ಮೊದಲು ನೋಡುವುದು ಊರಾಚೆಯ ಗುಡಾರಗಳನ್ನೇ ಅಲ್ಲವೇ? ದಫೇದಾರನು ಬರೆದು ತಂದ ಕಾಗದಕ್ಕೆ, ಓದಿಸಿ ಕೇಳದೆ, ಪಂಚರೆಂದು ರುಜು ಹಾಕುವವರೂ ನಮ್ಮಲ್ಲಿದ್ದಾರೆ.

ಆ ಆರು ಮಂದಿಯನ್ನು ಅದೇ ಸರ್ವೋಚ್ಚ ನ್ಯಾಯಾಲಯವು ೨೦೧೯ರ ಮಾರ್ಚ್ ೫ರಂದು ನಿರ್ದೋಷಿಗಳೆಂದು ಸಾರಿ, ತಪ್ಪಿತಸ್ಥ ಅಧಿಕಾರಿಗಳ ಮೇಲೆ ಕ್ರಮಕ್ಕೆ ಆಜ್ಞಾಪಿಸಿ, ತಲಾ ೫ ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅವರ ಬಂಧನವಾಗಿ ಆಗ ಸುಮಾರು ೧೬ ವರ್ಷಗಳಾಗಿದ್ದವು. ಆ ಹಣವನ್ನು ಪಡೆಯಲು ಅವರು ಜೀವದಿಂದಿದ್ದರು. ೨೦೦೯ರ ತೀರ್ಪು ಬೇಗನೆ ಜಾರಿಯಾಗಿದ್ದರೆ ಅದೂ ಇರುತ್ತಿರಲಿಲ್ಲ.