ಕಲ್ಯಾಣದ ಕವಯಿತ್ರಿಯರು ಮತ್ತು ಕಾವ್ಯರೂಪ

ಕನ್ನಡದಲ್ಲಿ ಹೊಸ ಕಾವ್ಯದ ಮಾತು ಬಂದಾಗಲೆಲ್ಲ ಪಶ್ಚಿಮದ ಕಡೆಗೆ ಕೈದೋರುವುದು ನಮ್ಮಂಥ ಇಂಗ್ಲಿಷ್ ಕಲಿತವರ ವಾಡಿಕೆ. ಎಲಿಯಟ್ ಕವಿ ಛಂದಸ್ಸಿನ ಕಟ್ಟನ್ನು ಸಡಿಲಿಸಿದರು. ಅಮೆರಿಕದ ಕವಯಿತ್ರಿ ಮೇರಿಯನ್ ಮೂರ್ ಅಕ್ಷರಗಳನ್ನೆಣಿಸಿ ಸಾಲು ಕಟ್ಟಿದರು. ನಮ್ಮಲ್ಲಿ ಅಡಿಗರು 1959ರ ‘ಭೂಮಿಗೀತ’ದ ಹೊತ್ತಿಗೆ ಆಡುಮಾತಿನ ಲಯವನ್ನು ಪದ್ಯದೊಳಗೆ ತಂದಿದ್ದರು. ಈ ಕಥನ ಸುಳ್ಳಲ್ಲ. ಆದರೆ ಇದರಲ್ಲಿ ಕನ್ನಡದ ಹೆಂಗಸರಿಗೆ ಸ್ಥಳವೆಲ್ಲಿ? ಈ ಪ್ರಶ್ನೆಗೆ ಉತ್ತರವನ್ನು ನಾನು ಹುಮನಾಬಾದಿನ ನೆರೆಯ ಬಸವಕಲ್ಯಾಣದಲ್ಲಿ ಹುಡುಕುತ್ತೇನೆ.

ಹನ್ನೆರಡನೆಯ ಶತಮಾನದಲ್ಲಿ ಈ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ಕೂಡಿದ ಶರಣರಲ್ಲಿ ವಚನ ರಚಿಸಿದ ಸ್ತ್ರೀಯರು ಮೂವತ್ತಕ್ಕೂ ಹೆಚ್ಚು. ಅಂದಿನ ಪ್ರೌಢಕಾವ್ಯವೆಂದರೆ ಚಂಪು. ಅದಕ್ಕೆ ವೃತ್ತ, ಕಂದಗಳ ಪಾಂಡಿತ್ಯ ಬೇಕು. ಆ ಪಾಂಡಿತ್ಯಕ್ಕೆ ಗುರುವಿನ ಮನೆ ಬೇಕು, ಅರಸನ ಆಶ್ರಯ ಬೇಕು. ನೂಲುವವಳಿಗೆ, ಅಕ್ಕಿ ಆಯುವವಳಿಗೆ ಅವೆಲ್ಲಿಂದ ಬರಬೇಕು? ವಚನವು ಆ ಬಾಗಿಲನ್ನು ಸುತ್ತಿ ಹೋಗದೆ, ಗೋಡೆಯನ್ನೇ ತೆಗೆದುಹಾಕಿತು. ಹಾಗೆಂದು ಅದು ಕಟ್ಟುಪಾಡಿಲ್ಲದ ಮಾತಲ್ಲ. ಓಲೆಯ ಪ್ರತಿಗಳಲ್ಲಿ ವಚನಗಳು ಒಂದೇ ಓಟದಲ್ಲಿ ಬರೆದಂಥವು. ಸಾಲು ಒಡೆದು ತೋರಿಸಿದವರು ಅಚ್ಚಿನ ಕಾಲದ ಸಂಪಾದಕರು. ಒಡೆಯಲು ಬಂದುದು, ಮಾತಿನೊಳಗೆ ಸಮತೂಕವೂ ಮರುಕಳಿಕೆಯೂ ಮೊದಲೇ ಇದ್ದುದರಿಂದ.

ಇನ್ನು ಅಂಕಿತವನ್ನು ನೋಡಿರಿ. ವಚನದ ಕೊನೆಗೆ ಇಷ್ಟದೈವದ ಹೆಸರು ಬರಬೇಕೆಂಬುದೊಂದೇ ಬಿಗಿಯಾದ ನಿಯಮ. ಆ ಇಕ್ಕಟ್ಟಿನ ಜಾಗದಲ್ಲಿ ಈ ಸ್ತ್ರೀಯರು ಎಷ್ಟು ಹೇಳಿದ್ದಾರೆ! ಆಯ್ದಕ್ಕಿ ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ದೇವರ ಹೆಸರಿನೊಳಗೆ ಗಂಡನ ಹೆಸರಿದೆ. ಅದೇ ಲಕ್ಕಮ್ಮ, ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ತಿದ್ದಿದವಳು. ನೂಲುವ ಕಾಯಕದ ಕದಿರೆ ರೆಮ್ಮವ್ವೆಯ ಅಂಕಿತ ‘ಕದಿರರೆಮ್ಮಿಯೊಡೆಯ ಗುಮ್ಮೇಶ್ವರ’. ಇಲ್ಲಿ ದೇವರು ಆಕೆಯ ಹೆಸರಿನಿಂದ ಗುರುತಾಗುತ್ತಾನೆ. ಸೂಳೆ ಸಂಕವ್ವೆಯದೆಂದು ದೊರೆತಿರುವುದು ಒಂದೇ ವಚನ. ಆಕೆಯ ದೈವ ‘ನಿರ್ಲಜ್ಜೇಶ್ವರ’. ಊರು ನಾಚಿಕೆಯಿಲ್ಲದವಳೆಂದು ಕರೆಯುವವಳು ಆ ಮಾತನ್ನೇ ಎತ್ತಿ ಈಶ್ವರನಿಗೆ ಮುಡಿಸಿದಳು. ಇದಕ್ಕಿಂತ ದಿಟ್ಟವಾದ ರೂಪಪ್ರಯೋಗವನ್ನು ನಾನು ಇಂಗ್ಲಿಷಿನಲ್ಲಿಯೂ ಹೆಚ್ಚಾಗಿ ಕಂಡಿಲ್ಲ.

ಇಲ್ಲಿಂದ ಎಂಟು ಶತಮಾನ ದಾಟಿ ಬರೋಣ. ಜಯದೇವಿತಾಯಿ ಲಿಗಾಡೆಯವರು 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು. ಶಾಲೆಯಲ್ಲಿ ಕಲಿತುದು ಮರಾಠಿ. ಕನ್ನಡವನ್ನು ತಾವಾಗಿ ಸಂಪಾದಿಸಿಕೊಂಡರು. ಮುಂದೆ ಬಸವಕಲ್ಯಾಣದಲ್ಲಿ ನೆಲಸಿದರು. ನವ್ಯಕವಿಗಳು ಛಂದಸ್ಸನ್ನು ಮುರಿಯುತ್ತಿದ್ದ ಕಾಲದಲ್ಲಿಯೇ ಅವರು ಸೊನ್ನಲಿಗೆಯ ಸಿದ್ಧರಾಮನ ಪುರಾಣವನ್ನು ಸಾವಿರಾರು ತ್ರಿಪದಿಗಳಲ್ಲಿ ಬರೆದರು.

ತ್ರಿಪದಿ ಮೂರು ಸಾಲಿನ ಅಂಶಛಂದಸ್ಸು; ಹನ್ನೊಂದು ಗಣ, ಅವುಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದುವು ವಿಷ್ಣುಗಣ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಳೆಯದಾದರೂ, ಅದನ್ನು ಬಾಯಿಂದ ಬಾಯಿಗೆ ಉಳಿಸಿದವರು ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರು. ಅಕ್ಕಮಹಾದೇವಿಯ ಹೆಸರಿನ ‘ಯೋಗಾಂಗ ತ್ರಿವಿಧಿ’ಯೂ ಈ ಮಟ್ಟಿನಲ್ಲಿಯೇ ಇದೆ. ಬಿಡಿಬಿಡಿಯಾಗಿ ನಿಲ್ಲುವುದು ತ್ರಿಪದಿಯ ಸ್ವಭಾವ. ಅದರಲ್ಲಿ ದೊಡ್ಡ ಕಥೆಯನ್ನು ನಡೆಸುವುದು ಮಣಿಗಳನ್ನೇ ಇಟ್ಟಿಗೆ ಮಾಡಿ ಮನೆ ಕಟ್ಟಿದಂತೆ. ಆ ಸಾಹಸವನ್ನು ಅವರು ಮಾಡಿದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರೇ.

ಆದರೂ ಹೊಸ ಕಾವ್ಯದ ಪ್ರಯೋಗಗಳನ್ನು ಎಣಿಸುವಾಗ ನಾವು ಈ ಪುರಾಣವನ್ನು ಎಣಿಸುವುದಿಲ್ಲ. ಭಕ್ತಿಗ್ರಂಥವೆಂದು ನಮಸ್ಕರಿಸಿ ಬದಿಗಿಡುತ್ತೇವೆ. ತರಗತಿಯಲ್ಲಿ ಬಹುಕಾಲ ನಾನೂ ಹಾಗೆಯೇ ಮಾಡಿದೆನು. ಮುರಿಯುವುದು ಮಾತ್ರ ಪ್ರಯೋಗವೆಂದು ತಿಳಿದುದೇ ಇದಕ್ಕೆ ಕಾರಣ. ಕಲ್ಯಾಣದ ಶರಣೆಯರು ಪಂಡಿತರ ಛಂದಸ್ಸನ್ನು ಬಿಟ್ಟರು; ಜಯದೇವಿತಾಯಿಯವರು ಹೆಂಗಸರ ಛಂದಸ್ಸನ್ನು ಮಹಾಕಾವ್ಯದ ಪೀಠಕ್ಕೇರಿಸಿದರು. ಒಂದು ಬಿಡುವ ಧೈರ್ಯ, ಇನ್ನೊಂದು ಹಿಡಿಯುವ ಧೈರ್ಯ. ಎರಡರಲ್ಲಿಯೂ ಕೇಳಿದ ಪ್ರಶ್ನೆ ಒಂದೇ: ಯಾರ ಮಾತಿಗೆ ಕಾವ್ಯದ ಮಾನ ಸಲ್ಲಬೇಕು? ಆ ಪ್ರಶ್ನೆಯನ್ನು ಕಿವಿಗೊಟ್ಟು ಕೇಳಿದ ಮೇಲೆ, ನಮ್ಮ ಸಾಹಿತ್ಯಚರಿತ್ರೆಯ ಹೊಸತು-ಹಳತುಗಳ ಪಟ್ಟಿಯನ್ನು ಮತ್ತೊಮ್ಮೆ ಬರೆಯಬೇಕಾದೀತು.