ಆಪ್ತವಾಕ್ಯ



ಪಾಠಶಾಲೆಯಲ್ಲಿ ತರ್ಕಶಾಸ್ತ್ರ ಓದುವಾಗ ಗುರುಗಳು ನಮಗೆ ನಾಲ್ಕು ಪ್ರಮಾಣಗಳನ್ನು ಹೇಳಿಕೊಟ್ಟರು. ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಹೊಗೆ ಕಂಡು ಬೆಂಕಿಯುಂಟೆಂದು ತಿಳಿಯುವುದು ಅನುಮಾನ. ಹೋಲಿಕೆಯಿಂದ ತಿಳಿಯುವುದು ಉಪಮಾನ. ನಾಲ್ಕನೆಯದು ಶಬ್ದ, ಎಂದರೆ ಆಪ್ತನ ಮಾತು. ಆಡುಮಾತಿನಲ್ಲಿ ಆಪ್ತನೆಂದರೆ ನಮಗೆ ಬೇಕಾದವನು. ಶಾಸ್ತ್ರದಲ್ಲಿ ಆಪ್ತನೆಂದರೆ ಇದ್ದುದನ್ನು ಇದ್ದಂತೆ ನುಡಿಯುವವನು. ಈ ಎರಡು ಅರ್ಥಗಳನ್ನು ಒಂದೇ ಎಂದು ತಿಳಿದು ಇಂದಿನ ಜನ ತೊಂದರೆಗೆ ಬೀಳುತ್ತಿದ್ದಾರೆ.

ನಾವು ಬೆಳೆದ 1980ರ ದಶಕದಲ್ಲಿ ಊರಿಗೆ ಸುದ್ದಿ ಬರುವ ದಾರಿಗಳು ಕೆಲವೇ ಇದ್ದವು. ಆಕಾಶವಾಣಿಯಲ್ಲಿ ವಾರ್ತೆ ಓದುವವರು ಮೊದಲು ತಮ್ಮ ಹೆಸರು ಹೇಳಿ ಆಮೇಲೆ ಸುದ್ದಿ ಹೇಳುತ್ತಿದ್ದರು. ಪತ್ರಿಕೆಯಲ್ಲಿ ಸಂಪಾದಕರ ಹೆಸರಿರುತ್ತಿತ್ತು. ಕಾಗದದ ಕೊನೆಗೆ ಬರೆದವರ ರುಜು, ಮೇಲೆ ಅಂಚೆಯ ಮುದ್ರೆ. ತಾರಿಗೆ ಶಬ್ದದ ಲೆಕ್ಕದಲ್ಲಿ ಹಣ ಕಟ್ಟಬೇಕಾಗಿದ್ದುದರಿಂದ ಒಂದೊಂದು ಶಬ್ದವನ್ನೂ ತೂಗಿ ಬರೆಯುತ್ತಿದ್ದರು. ಆಗಲೂ ಸುಳ್ಳು ಇತ್ತು, ಚಾಡಿ ಇತ್ತು. ಆದರೆ ಹೇಳಿದವರು ಯಾರೆಂದು ಕೇಳಲು ಬರುತ್ತಿತ್ತು.

1995ರಲ್ಲಿ ನಮ್ಮ ದೇಶಕ್ಕೆ ಮೊಬೈಲ್ ಬಂದಿತು. 2013ರ ಜುಲೈಯಲ್ಲಿ ತಾರು ನಿಂತಿತು. ಈಗ ಅಜ್ಜಿಯು ಕಟ್ಟೆಯ ಮೇಲೆ ಕುಳಿತು ಪರದೇಶದ ಮೊಮ್ಮಗನ ಮುಖ ನೋಡುತ್ತ ಮಾತನಾಡುತ್ತಾಳೆ. ಸಂತೋಷದ ಸಂಗತಿ. ಯಂತ್ರವನ್ನು ನಾವು ಹಳಿಯುವುದಿಲ್ಲ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ತಂದು 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚಿಗೆ ಕೊಟ್ಟರು. ಜಗಲಿಯ ಮೇಲೆ ಗಂಟಿನಲ್ಲಿದ್ದ ಶರಣರ ನುಡಿ ಯಂತ್ರದಿಂದಲೇ ಮನೆಮನೆಗೆ ಹೋಯಿತು.

ಅದೇ ಯಂತ್ರದಲ್ಲಿ ಸುಳ್ಳು ಹೋದರೆ ಏನಾದೀತು? 2018ರ ಜುಲೈಯಲ್ಲಿ ನಮ್ಮ ಬೀದರ ಜಿಲ್ಲೆಯಲ್ಲಿ ಕಾರಿನಲ್ಲಿ ಬಂದ ಕೆಲವರು ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಜನ ತಡೆದು ಹೊಡೆದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಒಬ್ಬ ತರುಣ ಇಂಜಿನಿಯರ್ ಪ್ರಾಣ ಬಿಟ್ಟ. ಆತ ಯಾರ ಮಗುವನ್ನೂ ಕದ್ದಿರಲಿಲ್ಲ.

ಹೊಡೆದವರೆಲ್ಲ ಹುಟ್ಟು ಕಟುಕರೇ? ಅಲ್ಲ. ಬೇಕಾದವನಿಂದ ಬಂದ ಮಾತನ್ನು ಆಪ್ತವಾಕ್ಯವೆಂದು ನಂಬಿದರು. ಆ ಬೇಕಾದವನೂ ಕಂಡಿರಲಿಲ್ಲ. ಇನ್ನೊಬ್ಬ ಬೇಕಾದವನಿಂದ ಬಂದುದನ್ನು ದಾಟಿಸಿದ್ದ. ಕೈಯಿಂದ ಕೈಗೆ ದಾಟಿದ ಮಾತಿಗೆ ಕೊನೆಗೆ ಒಡೆಯನೇ ಇಲ್ಲದಾದನು. ಅದೇ ತಿಂಗಳು ಆ ಕಂಪನಿಯವರು, ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಷ್ಟೇ ಕಳಿಸುವಂತೆ ಮಿತಿ ಹಾಕುವುದಾಗಿ ಹೇಳಿದರು. ಯಂತ್ರವು ಎಣಿಸಬಲ್ಲುದು, ಸತ್ಯವೋ ಸುಳ್ಳೋ ಎಂದು ವಿಚಾರಿಸುವ ಕೆಲಸ ಮನುಷ್ಯನದು.

ಆದ್ದರಿಂದ ಭಕ್ತರಿಗೆ ನಾವು ಹೇಳುವುದಿಷ್ಟೆ. ಬಂದ ಸುದ್ದಿಯನ್ನು ದಾಟಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿರಿ. ಇದನ್ನು ಕಂಡವರು ಯಾರು? ಇದರ ಕೆಳಗೆ ನನ್ನ ರುಜು ಹಾಕಬಲ್ಲೆನೇ? ಇದು ಸುಳ್ಳಾದರೆ ಪೆಟ್ಟು ಯಾರಿಗೆ? ಉತ್ತರ ದೊರೆಯದಿದ್ದರೆ ಆ ಮಾತು ನಿಮ್ಮಲ್ಲಿಯೇ ನಿಲ್ಲಲಿ. ಲಿಂಗವನ್ನು ಹಿಡಿವ ಕೈಯಲ್ಲಿಯೇ ಮೊಬೈಲನ್ನೂ ಹಿಡಿಯುತ್ತೇವೆ. ಆ ಕೈ ಶುದ್ಧವಾಗಿರಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.