ನೆರೆಗೆ ಬಂದ ವಿಮಾನ ನಿಲ್ದಾಣ



ಹೊಸದಾಗಿ ಬಂದು ನೆಲೆಸುವವನು ಮೊದಲಿದ್ದವರನ್ನು ಒಂದು ಮಾತು ಕೇಳುವುದು ಲೋಕಮರ್ಯಾದೆ. ದೊಡ್ಡದೊಂದು ವಿಮಾನ ನಿಲ್ದಾಣವು ಹಳ್ಳಿಗಳ ನಡುವೆ ಬಂದು ನೆಲೆಯೂರುವಾಗ ಈ ಮರ್ಯಾದೆಗೆ ಎಷ್ಟು ಬೆಲೆಯುಂಟೆಂಬುದನ್ನು ಜಪಾನಿನ ನರಿಟಾ ನಮಗೆ ತಿಳಿಸುತ್ತದೆ.

ಟೋಕಿಯೋ ನಗರದ ಪೂರ್ವಕ್ಕೆ ಸುಮಾರು 60 ಕಿಲೋಮೀಟರು ದೂರದಲ್ಲಿ ಸಾನ್ರಿಜುಕಾ ಎಂಬ ಪ್ರದೇಶವಿದೆ. ಎರಡನೆಯ ಮಹಾಯುದ್ಧದ ತರುವಾಯ, ನೆಲೆ ಕಳೆದುಕೊಂಡು ಬಂದ ಅನೇಕ ಕುಟುಂಬಗಳು ಅಲ್ಲಿ ನೆಲವನ್ನು ಹಸನುಗೊಳಿಸಿ ಬೇಸಾಯ ಹೂಡಿದ್ದವು. 1966ರಲ್ಲಿ ಮಂತ್ರಿಮಂಡಲವು ಆ ರೈತರೊಡನೆ ಸಮಾಲೋಚಿಸದೆಯೇ ಅಲ್ಲಿ ನಿಲ್ದಾಣ ಕಟ್ಟಲು ನಿಶ್ಚಯಿಸಿತು. ಪರಿಹಾರ ಪಡೆದು ಹೋದವರು ಹಲವರು; ಒಪ್ಪದೆ ನಿಂತವರೂ ಹಲವರು. 1971ರಲ್ಲಿ ಬಲವಂತದ ಭೂಸ್ವಾಧೀನ ನಡೆದಾಗ ರೈತ ಮಹಿಳೆಯರು ತಮ್ಮನ್ನು ಸರಪಣಿಯಿಂದ ಮರಗಳಿಗೆ ಬಿಗಿದುಕೊಂಡರು. ಆ ವರ್ಷದ ಸೆಪ್ಟೆಂಬರಿನ ಘರ್ಷಣೆಯಲ್ಲಿ ಮೂವರು ಪೊಲೀಸರು ಮಡಿದರು. 1978ರ ಮಾರ್ಚ್ ತಿಂಗಳಲ್ಲಿ, ಉದ್ಘಾಟನೆಗೆ ಕೆಲವೇ ದಿನಗಳಿರುವಾಗ, ವಿರೋಧಿಗಳು ನಿಯಂತ್ರಣ ಗೋಪುರಕ್ಕೆ ನುಗ್ಗಿ ಯಂತ್ರಗಳನ್ನು ಒಡೆದುಹಾಕಿದರು. ಮೇ ತಿಂಗಳಿನಲ್ಲಿ ನಿಲ್ದಾಣ ತೆರೆಯಿತು. ಆದರೆ ಒಂದೇ ರನ್‌ವೇಯೊಡನೆ, ಪೊಲೀಸರ ಕಾವಲಿನಲ್ಲಿ.

ರಾತ್ರಿ 11 ಗಂಟೆಯಿಂದ ಬೆಳಗಿನ 6ರವರೆಗೆ ವಿಮಾನಗಳು ಹಾರಕೂಡದೆಂಬ ಕಟ್ಟಳೆಯಾಯಿತು. ಸುತ್ತಣ ಮನೆಗಳಿಗೆ ಸದ್ದು ತಡೆಯುವ ಏರ್ಪಾಟುಗಳಾದವು. ಇವೆಲ್ಲ ಅಗತ್ಯವಾದುವೇ. ಆದರೆ ದಪ್ಪ ಗಾಜಿನ ಕಿಟಕಿ ಕಿವಿಗೆ ತಾಗುವ ಸದ್ದನ್ನು ತಡೆದೀತು. ತನ್ನನ್ನು ಯಾರೂ ಕೇಳಲಿಲ್ಲವೆಂಬ ನೋವನ್ನು ಅದು ತಡೆಯಲಾರದು.

ಕಡೆಗೆ 1991ರಲ್ಲಿ ವಿದ್ವಾಂಸರ ಮಧ್ಯಸ್ಥಿಕೆಯಿಂದ ಸರ್ಕಾರದವರೂ ರೈತರೂ ಬಹಿರಂಗ ಸಭೆಯಲ್ಲಿ ಎದುರುಬದುರು ಕುಳಿತರು. ಬಲವಂತದಿಂದ ನೆಲ ಕಸಿಯುವುದಿಲ್ಲವೆಂದು ಸರ್ಕಾರ 1993ರಲ್ಲಿ ಒಪ್ಪಿಕೊಂಡಿತು. 1995ರಲ್ಲಿ ಪ್ರಧಾನಮಂತ್ರಿ ಮುರಾಯಾಮಾ ಅವರು ಕ್ಷಮೆ ಕೋರಿದರು. ಎರಡನೆಯ ರನ್‌ವೇ ತೆರೆದದ್ದು 2002ರಲ್ಲಿ. ಅದೂ ನೆಲ ಸಾಲದೆ, ಉದ್ದೇಶಿಸಿದ್ದಕ್ಕಿಂತ ಗಿಡ್ಡವಾಗಿ. ಹಾಗೆಂದು ಗಾಯ ಪೂರ್ತಿ ಮಾಗಿತೆನ್ನಲಾಗದು. 2023ರಲ್ಲಿಯೂ ನ್ಯಾಯಾಲಯದ ಆಜ್ಞೆಯಂತೆ ಅಲ್ಲಿನ ಒಂದು ಹೊಲದ ಕಟ್ಟಡಗಳನ್ನು ಕಾವಲಿನ ನಡುವೆ ಕೆಡವಬೇಕಾಯಿತು.

ವಿಮಾನ ಬೇಡವೆನ್ನುವವರು ಇಂದು ಯಾರೂ ಇಲ್ಲ. ದೂರದಲ್ಲಿರುವ ಮಕ್ಕಳ ಮುಖ ನೋಡಲು ನಾವೂ ಅದನ್ನೇ ಏರುತ್ತೇವೆ. ಆದರೆ ನಮ್ಮ ಪ್ರಯಾಣದ ಸುಖಕ್ಕೆ ನಿದ್ರೆಯನ್ನೂ ನೆಲವನ್ನೂ ತೆರುವವರು ಬೇರೆಯವರು. ನಮ್ಮ ದೇಶದಲ್ಲಿಯೂ ಹೊಸ ನಿಲ್ದಾಣಗಳಿಗಾಗಿ ನೆಲ ಅಳೆಯುವ ಕಾರ್ಯ ನಡೆದೇ ಇದೆ. ಅಳತೆಯ ಸರಪಣಿ ಹೊಲಕ್ಕಿಳಿಯುವ ಮುನ್ನ ಅಧಿಕಾರಿಗಳು ರೈತನ ಜಗುಲಿಯ ಮೇಲೆ ಕುಳಿತು ಅವನ ಮಾತನ್ನು ಕೇಳಲಿ. ನರಿಟಾದಲ್ಲಿ ಆ ಮಾತುಕತೆ ಮೊದಲಾಗಲು 25 ವರ್ಷ ಬೇಕಾಯಿತು.